ಎರಡು ಡಬ್ಬಿ ಬಿಳೀ ಉಂಡೆ

ಗುರುಶಾಂತಪ್ಪ ಅಂಗಡಿಯಲ್ಲಿ ಕೊಂಡ ಉಡುಗೊರೆಯನ್ನು ಯಾರಿಗೂ ಕೊಟ್ಟವನಲ್ಲ. ರಾಣೆಬೆನ್ನೂರಿನಿಂದ ಬಂದು ದೊಮ್ಮಲೂರಿನ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ಕೂತ ಮೇಲೆ ಎಷ್ಟೋ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಹೋಗಿದ್ದಾನೆ. ಪ್ರತಿಸಲವೂ ಅವನ ಕೈಯಲ್ಲಿ ಒಂದು ಹಳೆಯ ಜಾಮ್ ಬಾಟಲಿಯೋ ಐಸ್‌ಕ್ರೀಮ್ ಡಬ್ಬಿಯೋ ಇರುತ್ತಿತ್ತು. ಅದರೊಳಗೆ ಅವನೇ ಕುಟ್ಟಿದ ಚಟ್ನಿಪುಡಿ, ಅವನೇ ಹಾಕಿದ ಉಪ್ಪಿನಕಾಯಿ, ಅವನೇ ಒಣಗಿಸಿದ ಕಿತ್ತಳೆ ಸಿಪ್ಪೆಯ ಮುಖದ ಪುಡಿ.

"ಕೈಯಾರೆ ಮಾಡಿದ್ದಕ್ಕ ಬೆಲೆ ಕಟ್ಟಾಕ ಆಗಂಗಿಲ್ಲ" ಎನ್ನುತ್ತಿದ್ದ.

"ತಗೊಂಡೋರೂ ಅದನ್ನ ಹೇಳ್ತಾರ" ಎನ್ನುತ್ತಿದ್ದಳು ಹೆಂಡತಿ ವಿಮಲಾಕ್ಷಿ.

ಬಾಟಲಿಯ ಮೇಲೆ ಹೆಸರು ಬರೆದು ಅಂಟಿಸುವ ಪದ್ಧತಿ ಅವನಲ್ಲಿ ಇರಲಿಲ್ಲ. ಒಳಗಿರುವುದು ಕಣ್ಣಿಗೆ ಕಾಣುವಾಗ ಕಾಗದ ಯಾಕೆ, ಗೋಂದು ಯಾಕೆ ಎಂಬುದು ಅವನ ವಾದ. ಈ ವಾದದ ಫಲವನ್ನು ಮೊದಲು ಉಂಡವಳು ಎದುರುಮನೆಯ ನಾಜಿಶ್. ಅವನು ಪ್ರೀತಿಯಿಂದ ಕೊಟ್ಟ, ಪಾತ್ರೆ ತೊಳೆಯುವ ನಿಂಬೆಸಿಪ್ಪೆಯ ಪುಡಿಯನ್ನು ಚಾಟ್ ಮಸಾಲೆ ಎಂದುಕೊಂಡು ಬೇಯಿಸಿದ ಮೊಟ್ಟೆಯ ಮೇಲೆ ಉದುರಿಸಿ ಮನೆಮಂದಿಗೆಲ್ಲ ಬಡಿಸಿದ್ದಳು. ಎಲ್ಲರ ಬಾಯಲ್ಲೂ ನೊರೆ ಬಂದಿತ್ತು. ಆಮೇಲೂ ಆಕೆ ಅವನು ಕೊಟ್ಟದ್ದನ್ನು ನಗುನಗುತ್ತ ಎರಡೂ ಕೈಯಲ್ಲಿ ಇಸಕೊಳ್ಳುತ್ತಿದ್ದಳು. ಬಾಗಿಲು ಹಾಕಿಕೊಂಡು ನೇರ ಕಸದ ಬುಟ್ಟಿಗೆ ಹಾಕುತ್ತಿದ್ದಳು.

ಗುರುಶಾಂತಪ್ಪ ಬಾಡಿಗೆಗಿದ್ದದ್ದು ಕಗ್ಗದಾಸಪುರದಲ್ಲಿ, ಆದಿನಾರಾಯಣನವರ ಮನೆಯ ಮೊದಲನೇ ಮಹಡಿಯಲ್ಲಿ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಆದಿನಾರಾಯಣ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಆ ಮೂರಂತಸ್ತಿನ ಮನೆ ನಿಂತಿತ್ತು. ಅವರು ಕೆಳಗಿನ ಮನೆಯಲ್ಲಿ ಹೆಂಡತಿ ಶಾಂತಕುಮಾರಿ, ಮಗ ಸೂರ್ಯನ ಜೊತೆ ಇದ್ದರು. ಗುರುಶಾಂತಪ್ಪನ ಡಬ್ಬಿಗಳನ್ನು ತೆರೆದು, ಮೂಸಿ, ತಿಂದು, ಇನ್ನೂ ಇದೆಯಾ ಎಂದು ಕೇಳುತ್ತಿದ್ದ ಮನುಷ್ಯ ಇಡೀ ಬೀದಿಯಲ್ಲಿ ಅವರೊಬ್ಬರೇ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಶಾಂತಕುಮಾರಿ ಅವರಿಗೆ ಬೆಲ್ಲದ ಚೂರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆದ್ದರಿಂದ ಅವರ ಹೊಗಳಿಕೆಯಲ್ಲಿ ರುಚಿಯ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಹೇಳುವುದು ಕಷ್ಟ. ಗುರುಶಾಂತಪ್ಪ ಅದನ್ನು ಪೂರ್ತಿ ರುಚಿಯ ಲೆಕ್ಕಕ್ಕೇ ಬರೆದುಕೊಂಡಿದ್ದ.

ಆ ಯಜಮಾನರಿಗೆ ಎಂಬತ್ತು ತುಂಬಿತು. ಸೂರ್ಯ ಸಂಜೆಗೆ ಕೇಕು, ಶಾಮಿಯಾನ, ನೆಂಟರು ಎಲ್ಲ ಗೊತ್ತುಮಾಡಿದ. ಗುರುಶಾಂತಪ್ಪ ಬೆಳಿಗ್ಗೆಯೇ ಅಡುಗೆಮನೆ ಹೊಕ್ಕ. ರಜೆಯ ದಿನವಾದ್ದರಿಂದ ಅವನ ತಲೆಯಲ್ಲಿ ಎರಡು ಕೆಲಸ ಇದ್ದವು: ಯಜಮಾನರಿಗೆ ರವೆ ಉಂಡೆ ಕಟ್ಟುವುದು, ಮನೆಯ ಜಿರಲೆಗಳಿಗೆ ಔಷಧಿ ಉಂಡೆ ಕಟ್ಟುವುದು. ಗೋದಿಹಿಟ್ಟು, ಸಕ್ಕರೆ, ಹಾಲಿಗೆ ಬೋರಿಕ್ ಪುಡಿ ಬೆರೆಸಿ ಉಂಡೆ ಮಾಡಿ ಮೂಲೆಗಿಟ್ಟರೆ ಜಿರಲೆ ವಂಶವೇ ನಾಶವಾಗುತ್ತದೆ ಎಂದು ಯಾರೋ ಅವನ ಮೊಬೈಲಿಗೆ ಕಳಿಸಿದ್ದರು. ಒಲೆ ಒಂದೇ ಸಲ ಹಚ್ಚಿದರೆ ಗ್ಯಾಸು ಉಳಿಯುತ್ತದೆಂದು ಎರಡನ್ನೂ ಒಟ್ಟಿಗೆ ಮಾಡಿದ.

ಇಲ್ಲೇ ಅನಾಹುತ ಆದದ್ದು. ರವೆ ಉಂಡೆಗೆ ತುಪ್ಪ ಬೇಕು. ಅವನು ಬಿಸಿ ಹಾಲಿನಲ್ಲೇ ಕಟ್ಟಿದ. ಏಲಕ್ಕಿ ಬೇಕು, ವಾಸನೆ ಹೊಟ್ಟೆಗೆ ಹೋಗುವುದಿಲ್ಲ ಎಂದು ಬಿಟ್ಟ. ದ್ರಾಕ್ಷಿ, ಗೋಡಂಬಿಯ ಮಾತೇ ಇಲ್ಲ. ರವೆ ಸಾಲದೆ ಬಂದಾಗ ಅರ್ಧಕ್ಕೆ ಗೋದಿಹಿಟ್ಟು ಸೇರಿಸಿದ. ಮನುಷ್ಯರು ತಿನ್ನುವ ಉಂಡೆಯಿಂದ ಹೀಗೆ ಒಂದೊಂದನ್ನೇ ಉಳಿಸುತ್ತ ಬಂದವನು ಕೊನೆಗೆ ಅದನ್ನು ಜಿರಲೆ ತಿನ್ನುವ ಉಂಡೆಯ ಮಟ್ಟಕ್ಕೆ ತಂದು ನಿಲ್ಲಿಸಿದ್ದ. ಎರಡೂ ಬೆಳ್ಳಗೆ, ಎರಡೂ ಗುಂಡಗೆ. ಎರಡನ್ನೂ ಒಂದೇ ತರಹದ ಐಸ್‌ಕ್ರೀಮ್ ಡಬ್ಬಿಗಳಿಗೆ ತುಂಬಿದ. ಸಂಜೆ ಒಂದನ್ನು ತೆಗೆದುಕೊಂಡು ಕೆಳಗಿಳಿದ.

ನೆಂಟರೆಲ್ಲ ಶಾಲು, ಹಣ್ಣಿನ ಬುಟ್ಟಿ ತಂದಿದ್ದರು. ಸೂರ್ಯನ ಸೋದರಮಾವನ ಮಗ, ವಕೀಲ ಸುಗತ, ಗಾಜಿನ ಪೆಟ್ಟಿಗೆಯಲ್ಲಿ ಗಡಿಯಾರ ತಂದಿದ್ದ. ಅವುಗಳ ನಡುವೆ ಐಸ್‌ಕ್ರೀಮ್ ಡಬ್ಬಿ ಇಟ್ಟಾಗ ಸುಗತ, "ಏನ್ರೀ, ಕರಗಿಹೋಗಲ್ವಾ?" ಎಂದ. ಎಲ್ಲರೂ ನಕ್ಕರು. ಆದಿನಾರಾಯಣ ಮಾತ್ರ ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

"ನಗಿ ನಗಿ. ಇದು ಕಣ್ರೋ ತಿಂಡಿ ಅಂದ್ರೆ! ಕೇಕ್ ನೀವು ತಿನ್ನಿ, ಇದು ನಂಗೆ."

ಆ ರಾತ್ರಿ ಗುರುಶಾಂತಪ್ಪ ತೃಪ್ತಿಯಿಂದ ಮಲಗಿದ. ಬೆಳಿಗ್ಗೆ ಕೆಳಗಿನಿಂದ ಬಂದ ಕೂಗಿಗೆ ಎಚ್ಚರವಾಯಿತು. ಓಡಿ ಇಳಿದು ನೋಡಿದರೆ ಆದಿನಾರಾಯಣರನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ದೀಪ ಉರಿಯುತ್ತಿತ್ತು.

"ರಾತ್ರಿ ಮಲಗಿದೋರು ಏಳ್ಲೇ ಇಲ್ಲ ಗುರುಶಾಂತಪ್ಪನೋರೆ" ಎಂದ ಸೂರ್ಯ, ಗೋಡೆಗೆ ಒರಗಿ.

"ನೆನ್ನೆ ಎಷ್ಟು ಗೆಲುವಾಗಿದ್ರು!" ಎಂದರು ಯಾರೋ ನೆಂಟರು. "ಏನ್ ತಿಂದ್ರೋ ಏನೋ."

ಗುರುಶಾಂತಪ್ಪನಿಗೆ ಮನೆಯಲ್ಲುಳಿದ ಇನ್ನೊಂದು ಡಬ್ಬಿ ನೆನಪಾಯಿತು. ಬಂದಷ್ಟೇ ವೇಗದಲ್ಲಿ ಮೆಟ್ಟಿಲು ಹತ್ತಿ ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿದ. ಅಲ್ಲಿ ಉಳಿದಿದ್ದ ಡಬ್ಬಿಯ ಮುಚ್ಚಳ ತೆಗೆದ. ಬಿಳೀ ಉಂಡೆಗಳು. ಒಂದನ್ನು ಮೂಸಿದ, ಬೆಳಕಿಗೆ ಹಿಡಿದ, ಒಡೆದ. ಏನೂ ತಿಳಿಯಲಿಲ್ಲ.

"ಇದು ಯಾವ್ದು?" ಎಂದು ಹೆಂಡತಿಯ ಮುಂದೆ ಹಿಡಿದ.

"ಕಟ್ಟಿದೋರು ನೀವು. ನನ್ನ ಕೇಳ್ತೀರಲ್ಲ?"

"ವಿಮಲಾ, ಕೆಳಗ ಯಾವ ಡಬ್ಬಿ ಒಯ್ದೀನಿ ನಾನು?"

ವಿಮಲಾಕ್ಷಿ ಉಂಡೆಯನ್ನು ನೋಡಿದಳು, ಗಂಡನ ಮುಖ ನೋಡಿದಳು, ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. "ಯಪ್ಪಾ ಶಿವನ! ಬಾಯಾಗ ಹಾಕ್ಕೊಂಡು ನೋಡ್ರಿ."

"ವಿಷ ಇದ್ರ?"

"ನಿನ್ನೆ ಹಿರೇರಿಗೆ ಕೊಡೋ ಮುಂದ ಈ ವಿಚಾರ ಎಲ್ಲಿ ಹೋಗಿತ್ತು?"

ಅವನು ಒಂದು ತುಂಡನ್ನು ಟೆರೇಸಿಗೆ ಒಯ್ದು ಕಾಗೆಗಿಟ್ಟ. ಕಾಗೆ ಬಂದು ಕುಕ್ಕಿ ನೋಡಿ, ಬಿಟ್ಟು ಹಾರಿಹೋಯಿತು. ಹಾಗಾದರೆ ಇಲ್ಲಿರುವುದು ಔಷಧಿ, ಕೆಳಗೆ ಹೋದದ್ದು ಒಳ್ಳೆಯದು ಎಂದು ಅವನು ಎದೆ ಹಗುರ ಮಾಡಿಕೊಳ್ಳುವಷ್ಟರಲ್ಲಿ ವಿಮಲಾಕ್ಷಿ, "ನೀವು ಮಾಡಿದ್ದು ಕಾಗಿ ಯಾವತ್ತು ತಿಂದೈತ್ರಿ?" ಎಂದಳು.

ಕೆಳಗೆ ಹೋದ ಡಬ್ಬಿ ಇನ್ನೂ ಆ ಮನೆಯಲ್ಲೇ ಇರಬೇಕು. ಸಾವಿನ ಮನೆ, ಮಕ್ಕಳುಮರಿ ತುಂಬಿದ್ದಾರೆ, ಯಾವುದಾದರೂ ಮಗು ಹಸಿದು ಕೈ ಹಾಕಿದರೆ? ಗುರುಶಾಂತಪ್ಪ ಮತ್ತೆ ಕೆಳಗೆ ಹೋದ. ಯಾರನ್ನಾದರೂ ಕೇಳುವ ಧೈರ್ಯವಿಲ್ಲದೆ ಅಳುತ್ತ ಹುಡುಕತೊಡಗಿದ. ಅಳು ನಿಜವಾದದ್ದೇ. ಟಿವಿ ಸ್ಟ್ಯಾಂಡಿನ ಹಿಂದೆ ನೋಡಿ ಅತ್ತ, ಫ್ರಿಜ್ಜು ತೆಗೆದು ಅತ್ತ. ಬಾಡಿಗೆಯವನಿಗೆ ಇಷ್ಟು ದುಃಖವೇ ಎಂದು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನು ಯಜಮಾನರ ಕೋಣೆಯ ಮಂಚದ ಕೆಳಗೆ ಅರ್ಧ ಶರೀರ ತೂರಿಸಿದ್ದಾಗ ಸುಗತ ಒಳಬಂದ.

"ಏನ್ ಹುಡುಕ್ತಾ ಇದ್ದೀರಾ?"

ಮಂಚದ ಕೆಳಗಿನಿಂದಲೇ ಗುರುಶಾಂತಪ್ಪನ ಬಾಯಿಂದ ನಿಜ ಹೊರಟುಹೋಯಿತು. "ಡಬ್ಬಿ."

"ಯಾವ ಡಬ್ಬಿ?"

"ಯಜಮಾನ್ರು ನಿನ್ನೆ ತೊಡಿ ಮ್ಯಾಲೆ ಇಟ್ಕೊಂಡಿದ್ರಲ್ರಿ... ಯಾರ ಕೈಗೂ ಸಿಗಬಾರ್ದು."

ವಕೀಲನ ತಲೆಯಲ್ಲಿ ಐಸ್‌ಕ್ರೀಮ್ ಡಬ್ಬಿ ಸುಳಿಯಲೇ ಇಲ್ಲ. ಯಾರ ಕೈಗೂ ಸಿಗಬಾರದ ಡಬ್ಬಿ ಎಂದರೆ ಒಡವೆಯ ಡಬ್ಬಿಯೇ ಎಂದು ಅವನು ತೀರ್ಮಾನಿಸಿದ. ಅವನು ತನ್ನ ಅಕ್ಕನ ಕಿವಿಯಲ್ಲಿ ಹೇಳಿದ. ಅವಳು ಗಂಡನಿಗೆ ಹೇಳಿದಳು. ಸ್ವಲ್ಪ ಹೊತ್ತಿನಲ್ಲೇ ನಡುಮನೆಯಲ್ಲಿ ಅಳುವವರ ಸಂಖ್ಯೆ ಇಳಿಯಿತು. ಒಬ್ಬರು ಬೀರು ತೆಗೆದರು, ಒಬ್ಬರು ಅಕ್ಕಿ ಡ್ರಮ್ಮಿಗೆ ಮೊಳಕೈವರೆಗೆ ಕೈ ಹಾಕಿದರು, ಇನ್ನೊಬ್ಬರು ದೇವರ ಪಟಗಳನ್ನು ತಿರುಗಿಸಿ ನೋಡಿದರು. ಕೊನೆಗೆ ಆದಿನಾರಾಯಣರ ಬಳಿ ಉಳಿದದ್ದು ಸೂರ್ಯ, ಶಾಂತಕುಮಾರಿ ಮತ್ತು ದೀಪ. ಒಳಗಿನ ಸದ್ದು ಕೇಳಿ ಸೂರ್ಯ ಎದ್ದು ಬಂದ.

"ನಾಚ್ಕೆ ಆಗಲ್ವಾ ನಿಮ್ಗೆ? ಅಪ್ಪ ಇನ್ನೂ ಮನೇಲೇ ಇದ್ದಾರೆ!"

"ನಾವಲ್ಲಪ್ಪ ಶುರು ಮಾಡಿದ್ದು, ನಿಮ್ಮ ಬಾಡಿಗೆಯೋನು" ಎಂದಳು ಸುಗತನ ಅಕ್ಕ, ಅಕ್ಕಿ ಹತ್ತಿದ ಕೈ ಕೊಡವುತ್ತ. "ಒಡವೆ ಡಬ್ಬಿ ಎತ್ಕೊಂಡ್ ಹೋಗೋಕೆ ಬಂದಿದ್ದಾನೆ."

ಎಲ್ಲರೂ ಗುರುಶಾಂತಪ್ಪನನ್ನು ಸುತ್ತಿಕೊಂಡರು. ಸೂರ್ಯ ಅವನ ಅಂಗಿಯ ಕಾಲರಿಗೆ ಕೈ ಹಾಕಿದ. ಕಳ್ಳನಾಗುವುದೋ ಕೊಲೆಗಾರನಾಗುವುದೋ ಎಂದು ಯೋಚಿಸಲು ಅವನಿಗೆ ಬಿಡುವಿರಲಿಲ್ಲ.

"ಒಡವಿ ಅಲ್ರಿ! ಉಂಡಿ ಡಬ್ಬಿ! ನಾ ಕೊಟ್ಟಿದ್ದು ಜಿರಲಿ ಔಷಧಿ ಉಂಡಿ ಇರಬೋದ್ರಿ! ಯಜಮಾನ್ರನ್ನ ನಾನ ಕೊಂದೀನೋ ಏನೋ!"

ಕಾಲರು ಹಿಡಿದ ಕೈ ಸಡಿಲಾಯಿತು. ಆಮೇಲೆ ಸುಗತ ಮೊಬೈಲ್ ತೆಗೆದ.

ಬಂದವರು ಸಬ್ ಇನ್‌ಸ್ಪೆಕ್ಟರ್ ಅಹ್ಮದ್ ಪಾಷಾ. ದಣಿದ ಮುಖದ ಮನುಷ್ಯ.

"ನೀವೇ ಕೊಂದಿದ್ದು ಅಂತೀರಾ?"

"ಗೊತ್ತಿಲ್ರಿ ಸಾಹೇಬ್ರ. ಒಂದು ಡಬ್ಬಿ ತಿನ್ನೋದು, ಒಂದು ಡಬ್ಬಿ ಕೊಲ್ಲೋದು."

"ಇವರಿಗೆ ಕೊಟ್ಟಿದ್ದು ಯಾವುದು?"

"ಅದನ್ನ ತಾವ ಪತ್ತೆ ಮಾಡಬೇಕ್ರಿ."

ಪಾಷಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ರೀ, ಕೊಂದೋನು ಕೊಂದಿಲ್ಲ ಅಂತಾನೆ, ಕೊಲ್ದೆ ಇರೋನೂ ಕೊಂದಿಲ್ಲ ಅಂತಾನೆ. ಗೊತ್ತಿಲ್ಲ ಅಂದೋನು ನೀವೇ ಮೊದಲು." ಆಮೇಲೆ ಸೂರ್ಯನ ಕಡೆ ತಿರುಗಿದರು. "ಬೇಜಾರ್ ಮಾಡ್ಕೋಬೇಡಿ. ಇಷ್ಟು ಜನರ ಮುಂದೆ ವಿಷ ಅಂದ್ಮೇಲೆ ಪೋಸ್ಟ್‌ಮಾರ್ಟಮ್ ಮಾಡಿಸ್ಲೇಬೇಕು."

"ಬೇಡ ಸಾರ್" ಎಂದ ಸೂರ್ಯ. "ಅಪ್ಪ ಇಂಜೆಕ್ಷನ್‌ಗೇ ಹೆದರ್ತಾ ಇದ್ರು. ಕುಯ್ಯೋದು ಬೇಡ ಸಾರ್."

ಪಾಷಾ ಆಂಬುಲೆನ್ಸಿಗೆ ಫೋನ್ ಮಾಡಿದರು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರು ಹಗ್ಗ ಬಿಟ್ಟು ನಿಂತರು. ತಮಟೆಯವರು ಬೀಡಿ ಆರಿಸಿ ಹೊರಟುಹೋದರು. ಹೂವಿನ ತೇರಿನಲ್ಲಿ ಹೋಗಬೇಕಾಗಿದ್ದ ಆದಿನಾರಾಯಣರು ಆಂಬುಲೆನ್ಸಿನಲ್ಲಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಹೋದರು.

ಶವಾಗಾರದ ಮುಂದಿನ ಮರದ ಕೆಳಗೆ ಎಲ್ಲರೂ ಕಾದರು. ಪೊಲೀಸರು ಸಿಂಕಿನ ಕೆಳಗಿನ ಡಬ್ಬಿಯನ್ನು ಸೀಲು ಮಾಡಿ ಒಯ್ದಿದ್ದರು. ಗುರುಶಾಂತಪ್ಪ ಒಬ್ಬ ಕಾನ್‌ಸ್ಟೇಬಲ್ ಪಕ್ಕದಲ್ಲಿ ನಿಂತಿದ್ದ. ನೆಂಟರು ಸರದಿಯ ಮೇಲೆ ಬಂದು ಅವನನ್ನು ಬಯ್ದು ಟೀ ಕುಡಿಯಲು ಹೋಗುತ್ತಿದ್ದರು. ಅವನು ಎಲ್ಲರಿಗೂ "ಹೌದ್ರಿ" ಎನ್ನುತ್ತಿದ್ದ. ಬೇರೆ ಯಾರದೋ ಹೆಣಕ್ಕಾಗಿ ಕಾದಿದ್ದ ಒಬ್ಬ ಹೆಂಗಸು ಇವನನ್ನೇ ಮಗ ಎಂದು ತಿಳಿದು, "ಸಮಾಧಾನ ಮಾಡ್ಕೋಪ್ಪ, ಅಪ್ಪ ಅಂದ್ರೆ ಹಂಗೇ" ಎಂದು ಬೆನ್ನು ಸವರಿದಳು. ಅವನು ಅದಕ್ಕೂ "ಹೌದ್ರಿ" ಎಂದ. ಶಾಂತಕುಮಾರಿ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಬೆಳಗಿನಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಸುತ್ತ ಆಡಿದ ಯಾವ ಮಾತೂ ಅವರ ಕಿವಿಗೆ ಇಳಿದಂತಿರಲಿಲ್ಲ, ಅವರೂ ಬಾಯಿ ಬಿಟ್ಟಿರಲಿಲ್ಲ.

ಮಧ್ಯಾಹ್ನ ಪಾಷಾ ಹೊರಗೆ ಬಂದರು.

"ಹೃದಯ ನಿಂತಿದೆ ಅಂತ ಡಾಕ್ಟರ್ ಹೇಳಿದ್ರು. ವಯಸ್ಸಾಗಿತ್ತು. ವಿಷ ಗಿಷ ಏನಿಲ್ಲ ಅನ್ಸುತ್ತೆ, ಲ್ಯಾಬಿಗೆ ಕಳಿಸ್ತಾರೆ. ಹೊಟ್ಟೇಲಿ ಏನೂ ಇರ್ಲಿಲ್ಲವಂತೆ. ರಾತ್ರಿ ಊಟ ಮಾಡಿರ್ಲಿಲ್ವಾ?"

ಸೂರ್ಯ ತಾಯಿಯ ಕಡೆ ನೋಡಿದ. ಶಾಂತಕುಮಾರಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಮಾಡಿರ್ಲಿಲ್ಲ. ಎಲ್ರೂ ಹೋದ್ಮೇಲೆ ಒಂದು ಉಂಡೆ ಕೊಡೇ ಅಂದ್ರು. ಕೊಡಲ್ಲ, ಶುಗರ್ ಏರುತ್ತೆ ಅಂದೆ. ಎಂಬತ್ತಾಯ್ತು, ಇನ್ನೇನು ಏರೋದು, ಒಂದೇ ಒಂದು ಅಂದ್ರು. ನಾನು ಡಬ್ಬಿ ಕಿತ್ಕೊಂಡೆ. ಸಿಟ್ಟು ಮಾಡ್ಕೊಂಡು ಊಟಾನೂ ಬೇಡ ಅಂದು ಗೋಡೆ ಕಡೆ ತಿರುಗಿ ಮಲ್ಕೊಂಡ್ರು. ಬೆಳಗ್ಗೆ ಸರಿ ಹೋಗ್ತಾರೆ ಅಂದ್ಕೊಂಡೆ ಕಣೋ."

ಬೈಯಲು ಸರದಿಯಲ್ಲಿ ನಿಂತಿದ್ದ ಸುಗತ ಕೂಡ ಬೇರೆ ಕಡೆ ನೋಡಿದ. ಗುರುಶಾಂತಪ್ಪ ಮಾತ್ರ ಮೆಲ್ಲಗೆ ಕೇಳಿದ.

"ಅಮ್ಮಾರ, ಕಿತ್ಕೊಂಡ ಡಬ್ಬಿ ಎಲ್ಲಿಟ್ರಿ?"

"ಮನೇಲಿದ್ರೆ ಕದ್ದು ತಿಂತಾರೆ ಅಂತ ದೊಡ್ಡಮುನಿಯಮ್ಮಂಗೆ ಕೊಟ್ಕಳಿಸ್ದೆ. ಅವಳ ಮನೆ ತುಂಬ ಮೊಮ್ಮಕ್ಕಳು."

ದೊಡ್ಡಮುನಿಯಮ್ಮ ಅವರ ಮನೆಗೆಲಸದವಳು. ಸಮಾರಂಭದ ಪಾತ್ರೆಗಳನ್ನೆಲ್ಲ ತೊಳೆದು, ನಾಳೆ ಬರುವುದಿಲ್ಲ ಎಂದು ಹೇಳಿ ಹೋಗಿದ್ದಳು. ಸೂರ್ಯ ಫೋನ್ ಮಾಡಿದ, ಸ್ವಿಚ್ ಆಫ್. ಮತ್ತೆ ಮಾಡಿದ. ಆಮೇಲೆ ಇಬ್ಬರೂ ಒಂದೇ ಸಲ ಓಡಿದರು. ತಂದೆಯ ಹೆಣವನ್ನು ಸುಗತನಿಗೆ ಒಪ್ಪಿಸಿ ಸೂರ್ಯ ಬೈಕ್ ಹತ್ತಿದ, ಹಿಂದೆ ಗುರುಶಾಂತಪ್ಪ. ತಡೆಯಬೇಕಾಗಿದ್ದ ಕಾನ್‌ಸ್ಟೇಬಲ್, ಪಾಷಾ ಕೈ ಬೀಸಿದ್ದನ್ನು ನೋಡಿ ಸುಮ್ಮನಾದ.

ಹಲಸೂರು ದಾಟಿತು, ಇಂದಿರಾನಗರ ದಾಟಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು, ಲಾರಿಗಳ ಸಂದಿಯಲ್ಲಿ ಸೂರ್ಯ ನುಗ್ಗಿದ. ಕಗ್ಗದಾಸಪುರದ ರೈಲ್ವೇ ಗೇಟಿಗೆ ಬಂದಾಗ ಅದು ಅವರ ಮುಂದೆಯೇ ಬಿತ್ತು. ಗೂಡ್ಸ್ ಗಾಡಿ ನಿಧಾನವಾಗಿ ಬಂತು. ಒಂದೊಂದು ಡಬ್ಬಿಯೂ ಇವರನ್ನು ನೋಡಿಕೊಂಡೇ ಹೋಗುತ್ತಿದೆ ಅನ್ನಿಸಿತು.

"ಆ ಮಕ್ಕಳಿಗೇನಾದ್ರೂ ಆಗಿದ್ರೆ" ಎಂದ ಸೂರ್ಯ, ಹಿಂದೆ ತಿರುಗದೆ, "ನಿಮ್ಮನ್ನ ಇದೇ ಹಳಿ ಮೇಲೆ ಹಾಕ್ತೀನಿ."

"ಹಾಕ್ರಿ" ಎಂದ ಗುರುಶಾಂತಪ್ಪ. ಹೇಳುವಾಗ ಅವನಿಗೆ ಅದು ನ್ಯಾಯವಾಗಿಯೇ ಕಂಡಿತು.

ದೊಡ್ಡಮುನಿಯಮ್ಮನ ಮನೆ ಕೆರೆಯ ಹತ್ತಿರದ ಶೀಟು ಮನೆಗಳ ಸಾಲಿನಲ್ಲಿತ್ತು. ಬಾಗಿಲು ಮುಂದಕ್ಕೆ ಎಳೆದಿತ್ತು. ಸೂರ್ಯ ತಳ್ಳಿದ. ಒಳಗೆ ಚಾಪೆಯ ಮೇಲೆ ಮಕ್ಕಳು ಅಡ್ಡಾದಿಡ್ಡಿ ಬಿದ್ದಿದ್ದರು, ಒಬ್ಬರ ಮೇಲೆ ಒಬ್ಬರ ಕಾಲು. ಯಾರೂ ಅಲ್ಲಾಡುತ್ತಿರಲಿಲ್ಲ. ಮೂಲೆಯಲ್ಲಿ ಐಸ್‌ಕ್ರೀಮ್ ಡಬ್ಬಿ ಖಾಲಿ ಬಿದ್ದಿತ್ತು. ಗುರುಶಾಂತಪ್ಪ ಹೊಸ್ತಿಲ ಮೇಲೆಯೇ ಕುಸಿದು, ಹುಟ್ಟಿದಾಗಿನಿಂದ ಯಾವತ್ತೂ ಅಳದ ದನಿಯಲ್ಲಿ ಅತ್ತ.

"ಏಯ್, ಯಾರದು?" ಹಿತ್ತಲಿನಿಂದ ದೊಡ್ಡಮುನಿಯಮ್ಮ ಬಟ್ಟೆ ಹಿಂಡುತ್ತ ಬಂದಳು. "ಈಗ್ತಾನೆ ಮಲಗ್ಸಿದ್ದೀನಿ, ಎಬ್ಬಿಸ್ಬೇಡ್ರಪ್ಪ ಮುಂಡೇವ್ನ!"

ಒಂದು ಮಗು ಎದ್ದು ಕೂತಿತು. ಇನ್ನೊಂದು ಅಳತೊಡಗಿತು. ಗುರುಶಾಂತಪ್ಪ ಅಳುವ ಮಗುವನ್ನು ಎತ್ತಿಕೊಂಡು ಮುತ್ತಿಟ್ಟ. ಅದು ಇನ್ನೂ ಜೋರಾಗಿ ಅತ್ತಿತು.

"ಉಂಡೆ ತಿಂದ್ರಾ ಇವ್ರು?" ಎಂದ ಸೂರ್ಯ.

"ನೆನ್ನೆ ಬಂದ ತಕ್ಷಣಾನೇ ಖಾಲಿ ಮಾಡುದ್ವು."

"ನೀನು?"

"ನಾನೂ ಎರಡು ತಿಂದೆ. ಯಾರಪ್ಪಾ ಮಾಡಿದ್ದು? ತುಪ್ಪ ಇಲ್ಲ, ಏಲಕ್ಕಿ ಇಲ್ಲ. ಯಾರೋ ಜುಗ್ಗ ಮಾಡಿರ್ಬೇಕು. ಯಾಕೆ, ಡಬ್ಬಿ ವಾಪಸ್ ಕೇಳುದ್ರಾ ಅಮ್ಮ? ಅದಕ್ಕೆ ಇಬ್ರು ಗಂಡಸ್ರು ಬರ್ಬೇಕಾ?" ಎಂದು ಆಕೆ ಡಬ್ಬಿಯನ್ನು ತೊಳೆದು ಸೂರ್ಯನ ಕೈಗಿಟ್ಟಳು. "ಯಜಮಾನ್ರು ಒಂದಾದ್ರೂ ತಿಂದಿದ್ರಾ? ಹೋಗೋವಾಗ ಪಾಪ, ಡಬ್ಬೀನೇ ನೋಡ್ತಾ ಇದ್ರು."

ಸೂರ್ಯ ಒದ್ದೆ ಡಬ್ಬಿಯನ್ನು ಹಿಡಿದುಕೊಂಡು ನಿಂತ. ಬೆಳಗಿನಿಂದ ನೆಂಟರನ್ನು, ಪೊಲೀಸರನ್ನು ಸಂಭಾಳಿಸುತ್ತಿದ್ದವನು ಆಗ, ಆ ಶೀಟು ಮನೆಯ ಬಾಗಿಲಲ್ಲಿ, ಕೆಲಸದವಳ ಹೆಗಲಿಗೆ ತಲೆಯಿಟ್ಟು ಅತ್ತ. ಅವನು ಹೇಳದೆಯೇ ಅವಳಿಗೆ ತಿಳಿಯಿತು.

ಹೊಲಿದು ಕೊಟ್ಟ ದೇಹವನ್ನು ಸಂಜೆ ಮಣ್ಣು ಮಾಡಿದರು. ಗುರುಶಾಂತಪ್ಪ ದೂರ ನಿಂತು ನೋಡಿದ. ಹತ್ತಿರ ಬಂದರೆ ಹೊಡೆಯುವುದಾಗಿ ಸುಗತ ಹೇಳಿ ಕಳಿಸಿದ್ದ. ಮನೆಗೆ ಬಂದವನು ಊಟ ಬೇಡವೆಂದ.

"ಮನೀ ಖಾಲಿ ಮಾಡ್ರಿ ಅಂತ ನಾಳೆ ಹೇಳ್ತಾರ" ಎಂದಳು ವಿಮಲಾಕ್ಷಿ.

"ಹೇಳ್ಲಿ. ನನ್ನಿಂದ ಅವರನ್ನ ಕೊಯ್ದ್ರು. ಏನೂ ಆಗಿರ್ಲಿಲ್ಲ, ಸುಮ್ನ ಕೊಯ್ದ್ರು."

ವಿಮಲಾಕ್ಷಿ ಬಡಿಸಿದ್ದ ತಟ್ಟೆಯನ್ನು ಮುಚ್ಚಿಟ್ಟಳು. ಅವನ ಪಕ್ಕ ಕೂತಳು.

ಮಾರನೇ ದಿನ ಶಾಂತಕುಮಾರಿ ತಾವೇ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಎದ್ದು ನಿಂತರು. ಮನೆ ಬಿಡಿ ಎನ್ನಲು ಬಂದಿದ್ದಾರೆಂದು ಗುರುಶಾಂತಪ್ಪ ಕೈ ಮುಗಿದ.

"ನಾಳೆ ಹಾಲು ತುಪ್ಪ" ಎಂದರು ಶಾಂತಕುಮಾರಿ. "ಅವರಿಗೆ ಇಷ್ಟ ಆಗಿದ್ದನ್ನ ಎಡೆ ಇಡ್ಬೇಕು. ಕೊಳ್ಳೇಗಾಲದ ನೆಂಟರು ಮೈಸೂರ್‌ಪಾಕ್ ತರ್ತಾರಂತೆ. ಅದು ಬೇಡ. ನೀವು ರವೆ ಉಂಡೆ ಮಾಡಿಕೊಡಿ."

"ನಾನಾ?"

"ಅವರು ಕೇಳಿದ್ದು ನಿಮ್ಮ ಉಂಡೇನ."

ಗುರುಶಾಂತಪ್ಪ ಅಂಗಡಿಗೆ ಹೋಗಿ ತುಪ್ಪ ತಂದ. ಏಲಕ್ಕಿ ತಂದ, ದ್ರಾಕ್ಷಿ ಗೋಡಂಬಿ ತಂದ. ಅಡುಗೆಮನೆಗೆ ಅವನನ್ನು ಬಿಡುವ ಮುನ್ನ ವಿಮಲಾಕ್ಷಿ ಪಾತ್ರೆಗಳನ್ನೆಲ್ಲ ಎರಡು ಸಲ ತೊಳೆದಳು. ಅವನು ರವೆ ಹುರಿಯಲು ನಿಂತ. ಆಕೆ ಸೌಟು ಇಸಕೊಳ್ಳಲು ಬಂದಳು. ಅವನು ಕೊಡಲಿಲ್ಲ.

ಸ್ಮಶಾನದಲ್ಲಿ ನೆಂಟರೆಲ್ಲ ನೆರೆದಿದ್ದರು. ಮಣ್ಣಿನ ದಿಬ್ಬದ ಮುಂದೆ ಬಾಳೆ ಎಲೆ ಹಾಸಿ ಅನ್ನ, ಮುದ್ದೆ, ಸಾರು ಬಡಿಸಿದ್ದರು. ಗುರುಶಾಂತಪ್ಪ ತಟ್ಟೆ ಹಿಡಿದು ಬಂದಾಗ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಗೌರವದಿಂದ ಸರಿದದ್ದಲ್ಲ.

"ಅತ್ತೆ, ಇದನ್ನ ಇಡ್ತೀರಾ?" ಎಂದ ಸುಗತ. "ಎಡೆ ಆದ್ಮೇಲೆ ನಾವೆಲ್ಲ ಪ್ರಸಾದ ಅಂತ ತಿನ್ಬೇಕು."

ಗುಂಪಿನಲ್ಲಿ ಗುಸುಗುಸು ಎದ್ದಿತು. ಸೂರ್ಯ ತಾಯಿಯನ್ನು ನೋಡಿ, ಆಮೇಲೆ ಗುರುಶಾಂತಪ್ಪನನ್ನು ನೋಡಿ, ತಗ್ಗಿದ ದನಿಯಲ್ಲಿ ಹೇಳಿದ. "ಮೊದಲು ನೀವೊಂದು ತಿಂದುಬಿಡಿ. ಎಲ್ರಿಗೂ ಸಮಾಧಾನ ಆಗ್ಲಿ."

ಗುರುಶಾಂತಪ್ಪ ಒಂದು ಉಂಡೆ ತೆಗೆದು ಬಾಯಿಗಿಟ್ಟುಕೊಂಡ. ಎಲ್ಲರೂ ಅವನ ಬಾಯನ್ನೇ ನೋಡಿದರು. ಅವನು ಅಗಿದ, ನುಂಗಿದ. ಗಂಟಲಲ್ಲಿ ಸಿಕ್ಕಿ ಒಮ್ಮೆ ಕೆಮ್ಮಿದ. ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಹೋದರು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಕೆಮ್ಮಿನದೋ ಬೇರೆಯದೋ ಯಾರಿಗೂ ತಿಳಿಯಲಿಲ್ಲ. ಸುಗತ ಕೈಗಡಿಯಾರ ನೋಡಿಕೊಂಡ. ಇನ್ನೂ ಸ್ವಲ್ಪ ನೋಡೋಣ ಎಂದು ಯಾರೋ ಹಿಂದಿನಿಂದ ಹೇಳಿದರು.

ಶಾಂತಕುಮಾರಿ ಮುಂದೆ ಬಂದು ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡರು.

"ಸಾಕು ಬಿಡ್ರೋ. ಇನ್ನೆಷ್ಟೊತ್ತು ಕಾಯಿಸ್ತೀರಾ ಅವರನ್ನ?"

ಅವರು ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆಯ ಮೇಲೆ ಒಂದು ಉಂಡೆ ಇಟ್ಟರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಇನ್ನೊಂದು ಇಟ್ಟರು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಇಟ್ಟರು. ತಟ್ಟೆಯಲ್ಲಿ ಯಾರಿಗೂ ಒಂದನ್ನೂ ಉಳಿಸಲಿಲ್ಲ.